ಮೊದಲ ಪ್ರದರ್ಶನ ಯಾರ ಮುಂದೆ?

ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲುಗಳು ಸಂಜೆ ಐದಾದರೂ ಕಾದೇ ಇರುತ್ತವೆ. ನೆರಳು ಹುಡುಕಿ ಕೂತೆವು. ಎದುರಿಗೆ ನಡುನೀರಿನ ವಸಂತ ಮಂಟಪ, ದಡದಲ್ಲಿ ಮುಸಾಫಿರ್‌ಖಾನೆಯ ಕಮಾನುಗಳು. ಮಾತಾಡುತ್ತಿದ್ದವರು ಇಬ್ಬರು, ನಾನು ಕೇಳುತ್ತಿದ್ದೆ. ಒಬ್ಬರು ಚನ್ನಗಿರಿ ಕಡೆಯ ಹಾರ್ಮೋನಿಯಂ ಮೇಷ್ಟ್ರು, ಸುತ್ತಲ ಹಳ್ಳಿಗಳಲ್ಲಿ ಜಾತ್ರೆ ನಾಟಕ ಕಲಿಸುತ್ತಲೇ ತಲೆ ಬೆಳ್ಳಗಾದವರು. ಇನ್ನೊಬ್ಬಳು ಜಗಳೂರಿನ ಹುಡುಗಿ, ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಓದಿ ಮುಗಿಸಿ ಎರಡು ವರ್ಷವಾಗಿದೆ.

ಅವಳೂ ಅವಳ ಮೂವರು ಗೆಳೆಯರೂ ಸೇರಿ ಒಂದಿಷ್ಟು ಸ್ವಂತದ್ದು ಮಾಡಿದ್ದಾರೆ. ನ್ಯಾಮತಿ ಬಳಿಯ ತಾಂಡಾದ ಹುಡುಗನ ಐದು ಹಾಡು, ಹೊನ್ನಾಳಿಯವನ ಇಪ್ಪತ್ತೆರಡು ನಿಮಿಷದ ಸಿನಿಮಾ, ಈಕೆಯ ಹದಿನೆಂಟು ಚಿತ್ರ. ಚನ್ನಗಿರಿಯ ಗೆಳತಿ ಸಂಕಲನ, ಶಬ್ದ, ಸಾಲದ ಲೆಕ್ಕ ಎಲ್ಲ ನೋಡಿಕೊಂಡಿದ್ದಾಳೆ. ಎರಡು ಹಾಡಿಗೆ ಹಾರ್ಮೋನಿಯಂ ನುಡಿಸಿದವರು ಇದೇ ಮೇಷ್ಟ್ರು. ಕೆಲಸ ಮುಗಿದಿದೆ, ಹೊರಗೆ ಬಿಡುವುದೊಂದೇ ಬಾಕಿ. ಜಗಳ ಹುಟ್ಟಿದ್ದು ಅಲ್ಲೇ.

ಮೇಷ್ಟ್ರು: ಮೊದಲು ಊರ ಮುಂದೆ ಆಗ್ಲಿ. ಬರೋ ತಿಂಗಳು ನಮ್ಮೂರ ಜಾತ್ರೆ ಐತೆ. ಸ್ಟೇಜ್ ಹಾಕಿರ್ತಾರೆ, ಲೈಟ್ ಇರ್ತಾವೆ, ಜನ ಇರ್ತಾರೆ. ಆಮೇಲೆ ಮೊಬೈಲಿಗೆ ಬಿಟ್ಕೊಳ್ರಿ, ಯಾರು ಬೇಡ ಅಂತಾರೆ?

ಹುಡುಗಿ: ಇಲ್ಲ ಮೇಷ್ಟ್ರೇ, ನಾಲ್ಕೂ ಜನ ಕೂತು ತೀರ್ಮಾನ ಮಾಡಿಬಿಟ್ಟಿದೀವಿ. ಶುಕ್ರವಾರ ರಾತ್ರಿ ಎಂಟಕ್ಕೆ ಯೂಟ್ಯೂಬಿಗೆ. ಊರಿನ ವಿಷಯ ಆಮೇಲೆ.

ಮೇಷ್ಟ್ರು: ಊರು ಆಮೇಲಾ? ಹೆತ್ತ ಕೂಸನ್ನ ಮೊದಲು ದಾರಿಹೋಕರಿಗೆ ತೋರಿಸ್ತಾರೇನಮ್ಮ?

ಹುಡುಗಿ: ದೃಷ್ಟಿ ತಾಗೋದು ಸ್ವಂತ ಊರಲ್ಲೇ ಜಾಸ್ತಿ. ದಾರಿಹೋಕರಿಗೆ ನಾನು ಯಾರ ಮಗಳು ಅಂತ ಗೊತ್ತಿರಲ್ಲ. ಚಿತ್ರ ನೋಡ್ತಾರೆ, ಹಿಡಿಸಿದ್ರೆ ನಿಲ್ತಾರೆ, ಇಲ್ಲಾಂದ್ರೆ ಮುಂದೆ ಹೋಗ್ತಾರೆ. ಊರವರು ಚಿತ್ರ ನೋಡೋಕೆ ಮುಂಚೆ ನನ್ನ ನೋಡ್ತಾರೆ. ಇವಳು ಅವರ ಮಗಳಲ್ವಾ, ಇನ್ನೂ ಮದುವೆ ಆಗಿಲ್ವಾ, ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು? ಅಷ್ಟರಲ್ಲಿ ಚಿತ್ರ ಮುಗಿದುಹೋಗಿರುತ್ತೆ.

ಮೇಷ್ಟ್ರು: ನೋಡ್ಲಿ ಬಿಡು. ನಮ್ಮ ನಾಟಕ ನಡೆಯೋದೇ ಆ ನೋಟದಿಂದ. ಕುರುಕ್ಷೇತ್ರ ಕಲಿಸೋಕೆ ಹೋದಾಗ ಪಾರ್ಟಿಗಿಷ್ಟು ಅಂತ ಪಟ್ಟಿ ಹಾಕ್ತೀವಿ. ದುರ್ಯೋಧನ, ಕೃಷ್ಣ, ಕರ್ಣನ ಪಾರ್ಟಿಗೆ ಜಾಸ್ತಿ. ಎರಡೂವರೆ ತಿಂಗಳು ಹೊಲದ ಕೆಲಸ ಮುಗಿಸ್ಕೊಂಡು ಬಂದು ರಾತ್ರಿಯೆಲ್ಲ ಕಲೀತಾರೆ. ನಾಟಕದ ದಿನ ಅತ್ತೆ, ಮಾವ, ಬೀಗರು ಎಲ್ಲ ಸ್ಟೇಜ್ ಮೇಲೆ ಬಂದು ಮುಯ್ಯಿ ಮಾಡ್ತಾರೆ. ಮೈಕಲ್ಲಿ ಹೆಸರು ಕೂಗ್ತಾರೆ. ಆ ಹುಡುಗ ಹಾಕಿದ ದುಡ್ಡಲ್ಲಿ ಅರ್ಧ ಅಲ್ಲೇ ವಾಪಸ್ ಬರ್ತೈತೆ. ನಿಮ್ಮ ಯೂಟ್ಯೂಬ್‌ನೋನು ಮುಯ್ಯಿ ಮಾಡ್ತಾನಾ?

ಹುಡುಗಿ: ನಾನು ಕೇಳ್ತಿರೋದೂ ಅದನ್ನೇ. ಆ ಐನೂರು ರೂಪಾಯಿ ದುರ್ಯೋಧನನಿಗೆ ಬಂದದ್ದಾ, ಅಳಿಯನಿಗೆ ಬಂದದ್ದಾ?

ಮೇಷ್ಟ್ರು ತಕ್ಷಣ ಉತ್ತರ ಕೊಡಲಿಲ್ಲ. ಈ ಪ್ರಶ್ನೆ ನನಗೂ ಚೆನ್ನಾಗಿ ಗೊತ್ತು. ಹಳ್ಳಿಯ ನಾಟಕದಲ್ಲಿ ಮುಯ್ಯಿಗಾಗಿ ಯುದ್ಧವೇ ನಿಂತು, ಭೀಮ ಗದೆ ಊರಿಕೊಂಡು ಕಾಯುವುದನ್ನು ಕಂಡವರಿಗೆ ಅಲ್ಲಿ ಕಲೆ ಎಲ್ಲಿ ಮುಗಿದು ಬಂಧುತ್ವ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಲು ಆಗುವುದಿಲ್ಲ. ಆದರೆ ಆ ಬಂಧುತ್ವ ಇಲ್ಲದೆ ಆ ರಾತ್ರಿಯೇ ಇರುತ್ತಿರಲಿಲ್ಲ ಎಂಬುದೂ ನಿಜ.

ಮೇಷ್ಟ್ರು: ಅಳಿಯನಿಗೇ ಅಂತ ಇಟ್ಕೋ. ಆದ್ರೆ ಮಾತು ತಪ್ಪಿದ್ರೆ ಅದೇ ಮಾವ ಶಿಳ್ಳೆ ಹೊಡೀತಾನೆ. ತಾಳ ತಪ್ಪಿದ್ರೆ ಮುಂದಿನ ಸಾಲಲ್ಲಿ ಕೂತ ಮುದುಕ ಅಲ್ಲಿಂದಲೇ ಸರಿಯಾಗಿ ಹಾಡಿ ತೋರಿಸ್ತಾನೆ. ನಿಮ್ಮ ದಾರಿಹೋಕ ಹಿಡಿಸಲಿಲ್ಲಾಂದ್ರೆ ಸುಮ್ನೆ ಹೋಗಿಬಿಡ್ತಾನೆ. ಯಾಕೆ ಹೋದ ಅಂತ ಯಾವ ಜನ್ಮದಲ್ಲಿ ಗೊತ್ತಾಗ್ಬೇಕು ನಿಮಗೆ?

ಹುಡುಗಿ: ಆ ಮುದುಕನಿಗೆ ನಾಟಕ ಮೊದಲೇ ಬಾಯಿಪಾಠ, ಅದಕ್ಕೇ ತಿದ್ದೋಕಾಗುತ್ತೆ. ನಮ್ಮದು ಯಾರೂ ಕೇಳಿಲ್ಲದ ಹಾಡು, ಯಾವುದಕ್ಕೆ ಹೋಲಿಸಿ ತಿದ್ತಾರೆ? ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಇದೇ ಹುಡುಗ ಒಂದ್ಸಲ ತನ್ನ ಹಾಡು ಶುರು ಮಾಡಿದ್ದ. ಎರಡನೇ ಚರಣಕ್ಕೆ ಹೋಗೋಕೂ ಬಿಡಲಿಲ್ಲ. ಅಣ್ಣಾವ್ರ ಹಾಡು ಹಾಕು, ಪುನೀತ್ ಹಾಡು ಹಾಕು ಅಂತ ಒಂದೇ ಗದ್ದಲ.

ಮೇಷ್ಟ್ರು: ಹಾಕ್ಬೇಕಿತ್ತು. ಅವರು ಕೇಳಿದ್ದು ಎರಡು ಹಾಕಿ, ಆಮೇಲೆ ತನ್ನದೊಂದು. ಕಂಪನಿ ನಾಟಕದೋರು ಬದುಕಿದ್ದೇ ಹಂಗೆ. ಜನಕ್ಕೆ ಬೇಕಾದ್ದು ಕೊಡ್ತಾ ಕೊಡ್ತಾ ತಮಗೆ ಬೇಕಾದ್ದು ಸೇರಿಸೋದು. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಟೆಂಟಿನ ಕೆಳಗೆ ಊರೂರು ಸುತ್ತಿ ಪಳಗಿದ ನಾಟಕ. ಜನ ಒಪ್ಪಿ ಒಪ್ಪಿ ಗಟ್ಟಿಯಾದ ಮೇಲೆ ತಾನೇ 1974ರಲ್ಲಿ ರಾಜಕುಮಾರ್ ಸಿನಿಮಾ ಆಗಿದ್ದು?

ಹುಡುಗಿ: ಆ ಟೆಂಟು ಈಗ ಎಲ್ಲಿದೆ ಮೇಷ್ಟ್ರೇ? ವರ್ಷಕ್ಕೊಂದು ಜಾತ್ರೆ, ಒಂದು ರಾತ್ರಿ. ಹಾಡು ಪಳಗೋಕೆ ನೂರು ರಾತ್ರಿ ಬೇಕು ಅಂತ ನೀವೇ ಹೇಳ್ತೀರಿ. ಆ ನೂರು ರಾತ್ರಿ ನನಗೆ ಸಿಗೋದು ಮೊಬೈಲಲ್ಲೇ.

ಮೇಷ್ಟ್ರು: ಸಾಣೇಹಳ್ಳಿಗೆ ಹೋಗಿ ನೋಡು. 1997ರಿಂದ ಶಿವಸಂಚಾರದೋರು ವರ್ಷ ವರ್ಷ ಹೊಸ ನಾಟಕ ಕಟ್ಕೊಂಡು ನಾಡೆಲ್ಲ ಸುತ್ತುತಾರೆ. ಟೆಂಟು ಹೋಗೈತೆ, ದಾರಿ ಹೋಗಿಲ್ಲ.

ಹುಡುಗಿ: ಒಪ್ತೀನಿ. ಅದರ ಹಿಂದೆ ಒಂದು ಮಠ ಇದೆ, ಸ್ವಾಮೀಜಿ ಇದ್ದಾರೆ, ವರ್ಷವಿಡೀ ಊಟ ಹಾಕಿ ಕಲಿಸೋ ವ್ಯವಸ್ಥೆ ಇದೆ. ನಮ್ಮ ಹಿಂದೆ ಹೊನ್ನಾಳಿಯವನ ಅಣ್ಣನ ಬೈಕು ಇದೆ, ಅಷ್ಟೇ. ಇನ್ನು ಚಿತ್ರದ ಮಾತು. ನಾಟಕಕ್ಕೆ ಸ್ಟೇಜ್ ಇದೆ, ಸಿನಿಮಾಕ್ಕೆ ಟಾಕೀಸ್ ಇತ್ತು. ದಾವಣಗೆರೆಯಲ್ಲಿ ಕಲಾ ಶಾಲೆ ಶುರುವಾದದ್ದು 1964ರಲ್ಲಿ. ಅಲ್ಲಿಂದ ಎಷ್ಟು ಜನ ಕಲಿತು ಹೊರಗೆ ಬಂದ್ರು! ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕರಲ್ಲೂ ಓಡಾಡಿದೀನಿ, ಚಿತ್ರ ತೂಗುಹಾಕೋಕೆ ಅಂತಲೇ ಕಟ್ಟಿದ ಒಂದು ಗೋಡೆ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮವರು ಬರೆದದ್ದೆಲ್ಲ ಬೆಂಗಳೂರಿಗೆ ಹೋಗಿ ಚಿತ್ರಕಲಾ ಪರಿಷತ್ತಿನ ಗೋಡೆ ಹುಡುಕುತ್ತೆ.

ಮೇಷ್ಟ್ರು: ಗೋಡೆ ಯಾಕೆ? ನಮ್ಮ ಕಡೆ ಅಡಿಕೆ ಕಣ ಐತಲ್ಲ. ಕೊಯ್ಲು ಮುಗಿದ ಮೇಲೆ ಅಟ್ಟ ಖಾಲಿ. ಹಗ್ಗ ಕಟ್ಟಿ ತೂಗುಹಾಕು. ಹೆಂಗೂ ನೀನು ಬರೆಯೋದೇ ಅಡಿಕೆ ಚೊಗರಿನಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಇಳಿಯುವ ಕೆಂಪು ರಸಕ್ಕೆ ಚೊಗರು ಎನ್ನುತ್ತಾರೆ. ಅಡಿಕೆಗೆ ಬಣ್ಣ, ಹೊಳಪು ಬರುವುದು ಅದರಿಂದ. ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ, ಅದಕ್ಕೆ ಎಲ್ಲರೂ ದೂರ ನಿಲ್ಲುತ್ತಾರೆ. ಈ ಹುಡುಗಿ ಚನ್ನಗಿರಿಯ ಗೆಳತಿಯ ಮನೆಯಿಂದ ಎರಡು ಕ್ಯಾನ್ ಚೊಗರು ಜಗಳೂರಿಗೆ ಹೊತ್ತು, ಅಲ್ಲಿಯ ಕೆಮ್ಮಣ್ಣನ್ನು ಸೋಸಿ ಬೆರೆಸಿ, ಸೀರೆಯ ಹಳೇ ಸೆರಗಿನ ಮೇಲೆ ಬರೆದಿದ್ದಾಳೆ. ನಾನು ನೋಡಿದ್ದೇನೆ. ಬಸ್‌ಸ್ಟ್ಯಾಂಡಿನಲ್ಲಿ ಕಾಯುವ ಹೆಂಗಸರು, ಕಂಡಕ್ಟರನ ಬೆರಳ ನಡುವಿನ ನೋಟುಗಳು, ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದ ಕಾಲೇಜು ಹುಡುಗ. ಒದ್ದೆಯಿದ್ದಾಗ ನೆತ್ತರಿನ ಹಾಗೆ, ಒಣಗಿದಾಗ ಹಳೇ ಮನೆಯ ಬಾಗಿಲಿನ ಹಾಗೆ ಕಾಣುವ ಕೆಂಪು. ಆ ಕೆಂಪು ನನಗೆ ಬಹಳ ಹಿಡಿಸಿತು. ಇಂಥದ್ದೊಂದು ನಮ್ಮ ಕಣದಲ್ಲೇ ಇತ್ತು, ಇಷ್ಟು ವರ್ಷ ಯಾರೂ ಅದರಲ್ಲಿ ಕುಂಚ ಅದ್ದಿರಲಿಲ್ಲವಲ್ಲ ಅನ್ನಿಸಿತು.

ಮೇಷ್ಟ್ರು: ಬಣ್ಣ ಸರಿ. ಆದ್ರೆ ಬಸ್‌ಸ್ಟ್ಯಾಂಡ್ ಯಾಕಮ್ಮ? ನಿಮ್ಮ ಜಗಳೂರು ಕಡೆ ರಂಗಯ್ಯನದುರ್ಗದ ಕಾಡೈತೆ, ಕೊಂಡುಕುರಿ ಐತೆ. ನಾಲ್ಕು ಕೊಂಬಿನ ಆ ಪ್ರಾಣಿ ಸಲುವಾಗಿ ಸರ್ಕಾರ 2011ರಲ್ಲಿ ಅಭಯಾರಣ್ಯಾನೇ ಮಾಡೈತೆ. ಬರಗಾಲ ಐತೆ, ಒಣಗಿದ ಕೆರೆ ಐತೆ. ನಿಮ್ಮೂರಿನ ಗುರುತು ಯಾವುದೂ ಇಲ್ವಲ್ಲ ನಿನ್ನ ಚಿತ್ರದಲ್ಲಿ.

ಹುಡುಗಿ: ಜಗಳೂರು ಅಂದ ಕೂಡಲೇ ಎಲ್ರೂ ಕೇಳೋದು ಅದನ್ನೇ. ಬಿರುಕು ಬಿಟ್ಟ ನೆಲ ಬರಿ, ಆಕಾಶ ನೋಡ್ತಿರೋ ರೈತನನ್ನ ಬರಿ. ಬರ ನಾನು ಕಂಡಿಲ್ಲ ಅಂತಲ್ಲ. ನೀರಿನ ಟ್ಯಾಂಕರ್ ಹಿಂದೆ ಕೊಡ ಹಿಡ್ಕೊಂಡು ಓಡಿದೀನಿ. ಆದ್ರೆ ಟ್ಯಾಂಕರ್ ಹೋದ ಮೇಲೂ ಊರು ಇರುತ್ತಲ್ಲ? ಜನ ಪ್ರೀತಿಸ್ತಾರೆ, ಬಸ್ ತಪ್ಪಿಸ್ಕೋತಾರೆ, ಫೇಲಾಗ್ತಾರೆ. ಅದನ್ನ ಬರೆಯೋ ಹಕ್ಕು ಬೆಂಗಳೂರಿನವರಿಗೆ ಮಾತ್ರಾನಾ? ಬರಪೀಡಿತ ಅಂತ ಸರ್ಕಾರದ ಪಟ್ಟಿಯಲ್ಲಿ ನಮ್ಮ ತಾಲೂಕಿನ ಹೆಸರಿದ್ರೆ ಸಾಕು, ನನ್ನ ಕುಂಚಕ್ಕೂ ಆ ಬೋರ್ಡ್ ತಗುಲಿಸಬೇಕಾ?

ಮೇಷ್ಟ್ರು: ಅದು ಒಪ್ಪೋ ಮಾತು. ಆದ್ರೂ ಒಂದು ಕೇಳ್ತೀನಿ. ಹೊರಗಿನೋರು ಬರ ಕೇಳ್ತಾರೆ ಅಂತ ನಿನಗೆ ಸಿಟ್ಟು. ಮೊದಲು ತೋರಿಸೋದು ಮಾತ್ರ ಅದೇ ಹೊರಗಿನೋರಿಗೆ! ಬಸ್‌ಸ್ಟ್ಯಾಂಡಿನ ಆ ಹೆಂಗಸಿಗೆ ನಿನ್ನ ಚಿತ್ರ ತೋರ್ಸು. ಅವಳು ಬರ ಕೇಳಲ್ಲ. ಸೆರಗಿನ ನೆರಿಗೆ ತಪ್ಪೈತೆ ಅಂತಾಳೆ.

ಹುಡುಗಿ ನಕ್ಕಳು. ನೆರಿಗೆ ತಪ್ಪಿರುವುದು ನಿಜವೇ ಇರಬೇಕು, ಯಾಕೆಂದರೆ ಒಂದು ಗಳಿಗೆ ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. ಆದರೆ ಪಟ್ಟು ಬಿಡಲಿಲ್ಲ.

ಹುಡುಗಿ: ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಜೈಶಂಕರ್ ಆರ್ಯರ್ ‘ಶಿವಮ್ಮ’ ಅಂತ ಸಿನಿಮಾ ಮಾಡಿದ್ರು, ಊರಿನವರನ್ನೇ ಹಾಕ್ಕೊಂಡು. 2022ರಲ್ಲಿ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ಆಮೇಲೆ ಇಲ್ಲಿಯ ಥಿಯೇಟರಿಗೆ ಬಂತು. ಶಿರಸಿ ಕಡೆಯ ನಟೇಶ್ ಹೆಗಡೆ ಅಪ್ಪನನ್ನೇ ನಟನನ್ನಾಗಿ ಮಾಡಿ ತೆಗೆದ ‘ಪೆದ್ರೊ’ ಕೂಡ 2021ರಲ್ಲಿ ಮೊದಲು ತೆರೆ ಕಂಡದ್ದು ಬೂಸಾನಿನಲ್ಲೇ. ಹೊರಗಿನ ಮೊಹರು ಬಿದ್ದ ಮೇಲೆ ತಾನೇ ಊರು ತಿರುಗಿ ನೋಡೋದು?

ಮೇಷ್ಟ್ರು: ಅದು ಊರಿನ ತಪ್ಪು, ನಿಮ್ಮ ದಾರಿ ಆಗಬಾರದು. ಮೊಹರು ಬಿದ್ದ ಮೇಲೆ ನೋಡೋನು ಸಿನಿಮಾ ನೋಡ್ತಾನಾ, ಮೊಹರು ನೋಡ್ತಾನಾ? ಅಳಿಯ-ದುರ್ಯೋಧನ ಅಂತ ಆಗ ನನ್ನ ಕೇಳಿದ್ಯಲ್ಲ, ಅದನ್ನೇ ಈಗ ನಾನು ಕೇಳ್ತಿದೀನಿ.

ಈಗ ಸುಮ್ಮನಾಗುವ ಸರದಿ ಅವಳದ್ದು. ನೀರಿನ ಮೇಲೆ ಮಂಟಪದ ನೆರಳು ಉದ್ದವಾಗುತ್ತಿತ್ತು. ಮೇಷ್ಟ್ರು ಇನ್ನೊಂದು ಗಂಟು ಬಿಚ್ಚಿದರು. ಬೆಳಗಿನಿಂದ ಅವರ ಮನಸ್ಸಿನಲ್ಲಿದ್ದದ್ದು ಇದೇ ಎಂದು ನನಗೆ ಅನ್ನಿಸಿತು.

ಮೇಷ್ಟ್ರು: ಎಲ್ಲ ಬಿಡು. ಆ ಹುಡುಗನ ಎರಡನೇ ಹಾಡು. ‘ಸಾಹಿತ್ಯ, ಸಂಗೀತ, ಗಾಯನ’ ಮೂರಕ್ಕೂ ಅವನ ಹೆಸರೇ ಹಾಕಿದೀರಿ. ಸ್ವಂತದ್ದು ಅಂತೀರಿ. ಅದು ಅವರಜ್ಜಿ ತಾಂಡಾದಲ್ಲಿ ಹಾಡ್ತಿದ್ದ ಧಾಟಿ ಅಂತ ನುಡಿಸುವಾಗಲೇ ನನಗೆ ಹೇಳಿದ್ದಾನೆ.

ಹುಡುಗಿ: ಧಾಟಿ ಅಜ್ಜಿದು. ಮಾತು ಇವನದ್ದು. ನಡುವೆ ಬರೋ ತಿರುವು ಇವನದ್ದು. ಗಿಟಾರು, ಲಯ ಎಲ್ಲ ಇವನೇ ಕೂಡಿಸಿದ್ದು. ಅಜ್ಜಿಗೆ ಅವರಜ್ಜಿಯಿಂದ ಬಂತು, ಅವರಿಗೆ ಇನ್ಯಾರಿಂದಲೋ. ಹಂಗೆ ಹಿಂದೆ ಹೋದ್ರೆ ಯಾರ ಹೆಸರು ಹಾಕ್ತೀರಿ? ಜನಪದಕ್ಕೆ ಒಡೆಯ ಇಲ್ಲ ಅಂತ ಎಲ್ರೂ ಹೇಳ್ತಾರೆ.

ಮೇಷ್ಟ್ರು: ಒಡೆಯ ಇಲ್ಲ ಅಂತ ಹೇಳೋನು ಸಾಮಾನ್ಯವಾಗಿ ತಗೊಂಡು ಹೋಗೋಕೆ ಬಂದೋನು. ಚಳ್ಳಕೆರೆ ಕಡೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದ ನಾಲಿಗೆ ಮೇಲೆ ಇಟ್ಕೊಂಡಿದ್ರು. ಓದು ಬರಹ ಇಲ್ಲದ ಆಕೆಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಅಂತ ಗೌರವ ಕೊಡ್ತು. ಆ ಪದಗಳನ್ನ ಆಕೆ ಹುಟ್ಟಿಸಿದ್ರಾ? ಇಲ್ಲ. ಆದ್ರೆ ಆಕೆ ಇಲ್ದೆ ಅವು ಇರ್ತಿದ್ವಾ?

ಹುಡುಗಿ: ಕಾನೂನು ನಾನೂ ಓದಿದೀನಿ ಮೇಷ್ಟ್ರೇ. 2012ರ ತಿದ್ದುಪಡಿ ಆದ ಮೇಲೆ ಸಿನಿಮಾ ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನ ಕಂಪನಿಗೆ ಬರ್ಕೊಟ್ಟುಬಿಡೋಕೆ ಬರಲ್ಲ. ಹಾಡು ಕಟ್ಟಿದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಮನೆಯವರಿಗೆ ಇರುತ್ತೆ. ನಮ್ಮ ಹುಡುಗ ಇವತ್ತು ‘ಸಾಂಪ್ರದಾಯಿಕ’ ಅಂತ ಬರೆದ ಅಂದ್ಕೊಳ್ಳಿ. ನಾಳೆ ಯಾವುದೋ ದೊಡ್ಡ ಸಿನಿಮಾದವರು ಅದೇ ಹಾಡನ್ನ ಎತ್ಕೊಂಡು, ನೀನೇ ಬರೆದಿದೀಯಲ್ಲ ಸಾಂಪ್ರದಾಯಿಕ ಅಂತ, ನಿನಗೇನು ಕೊಡಬೇಕು ಅಂತಾರೆ. ತಾಂಡಾಕ್ಕೂ ಇಲ್ಲ, ಅವನಿಗೂ ಇಲ್ಲ. ಅವನ ಹೆಸರಿದ್ರೆ ಕೊನೇಪಕ್ಷ ಆ ದುಡ್ಡು ತಾಂಡಾದ ಒಂದು ಮನೆಗಾದ್ರೂ ಬರುತ್ತೆ.

ಈ ಮಾತಿಗೆ ನನ್ನಲ್ಲೂ ಉತ್ತರವಿರಲಿಲ್ಲ. ಒಂದು ಧಾಟಿ ಎಲ್ಲರದ್ದು ಎಂದು ಹೇಳುವುದು ಉದಾರತೆಯಂತೆ ಕೇಳುತ್ತದೆ. ಆದರೆ ಕಾಗದ-ಪತ್ರದ ಲೋಕದಲ್ಲಿ ಎಲ್ಲರದ್ದು ಅಂದರೆ ಮೊದಲು ಬಂದು ಎತ್ತಿಕೊಂಡವನದ್ದು. ಮೇಷ್ಟ್ರಿಗೂ ಅದು ನಾಟಿತು. ಅವರು ಕಾನೂನನ್ನು ಬಿಟ್ಟು ಕೆರೆಗೆ ಬಂದರು.

ಮೇಷ್ಟ್ರು: ಸೂಳೆಕೆರೆ ಕತೆ ಗೊತ್ತಲ್ಲ ನಿನಗೆ?

ಹುಡುಗಿ: ಶಾಂತವ್ವನ ಕತೆ. ಗೊತ್ತು.

ಮೇಷ್ಟ್ರು: ಶಾಂತವ್ವನ ಕತೆ ಅಲ್ಲ. ಅರಸನ ಮಗಳು ಶಾಂತವ್ವ ಕೆರೆ ಕಟ್ಟಿಸ್ತೀನಿ ಅಂದ್ಲು. ನೀರು ನಿಲ್ಲೋ ಜಾಗ ಸೂಳೆಯರದ್ದಾಗಿತ್ತಂತೆ. ಅವರು ದುಡ್ಡು ಕೇಳಲಿಲ್ಲ, ಬೇರೆ ಭೂಮಿ ಕೇಳಲಿಲ್ಲ. ಕೆರೆಗೆ ನಮ್ಮ ಹೆಸರಿರಲಿ ಅಂದ್ರು. ಈಗ ಬೋರ್ಡ್ ಮೇಲೆ ಶಾಂತಿಸಾಗರ ಅಂತ ಐತೆ, ಚಲೋ ಹೆಸರೇ. ಜನದ ಬಾಯಲ್ಲಿ ಮಾತ್ರ ಸೂಳೆಕೆರೆ. ಕಟ್ಟಿಸಿದೋಳ ಹೆಸರೂ ಉಳೀತು, ನೆಲ ಕೊಟ್ಟೋರ ಹೆಸರೂ ಉಳೀತು. ನಿಮ್ಮ ಹಾಡಿಗೆ ನೆಲ ಕೊಟ್ಟೋರ ಹೆಸರು ಎಲ್ಲೈತೆ?

ಹುಡುಗಿ: ಮೊದಲ ಅರ್ಧ ನಿಮಿಷ ಅಜ್ಜಿಯ ದನಿಯೇ ಇದೆಯಲ್ಲ.

ಮೇಷ್ಟ್ರು: ದನಿ ಐತೆ. ಹೆಸರು?

ಹುಡುಗಿ: ಅಜ್ಜಿಯನ್ನ ಕೇಳಿದ್ವಿ. ಬೇಡ ಅಂದ್ರು. ನನ್ನ ಹೆಸರು ಯಾಕೆ, ಸೇವಾಲಾಲನ ಹೆಸರು ಹಾಕ್ರಿ ಅಂದ್ರು.

ನ್ಯಾಮತಿಯ ಹತ್ತಿರದ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಜಾಗ. ಪ್ರತಿ ಫೆಬ್ರವರಿಯಲ್ಲಿ ಅಲ್ಲಿಗೆ ಬರುವ ಜನರ ನಡುವೆ ನಿಂತರೆ ಲಂಬಾಣಿ ಹಾಡು ನಾಲ್ಕು ದಿಕ್ಕಿನಿಂದ ಕಿವಿಗೆ ಬೀಳುತ್ತದೆ. ಆ ಭಾಷೆಗೆ ಸ್ವಂತ ಲಿಪಿಯಿಲ್ಲ. ಹುಡುಗ ತನ್ನ ಹಾಡುಗಳನ್ನು ಬರೆದುಕೊಂಡಿರುವುದು ಕನ್ನಡ ಅಕ್ಷರದಲ್ಲಿ.

ಮೇಷ್ಟ್ರು: ಅದೊಂದು ಬೇರೆ ಐತೆ. ಐದರಲ್ಲಿ ಮೂರು ಹಾಡು ಲಂಬಾಣಿ. ಯಾರಿಗೆ ಅರ್ಥ ಆಗ್ಬೇಕು?

ಹುಡುಗಿ: ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಸಿನಿಮಾ ನೋಡಿದೀರಲ್ಲ?

ಮೇಷ್ಟ್ರು: ನೋಡದೆ? ನಮ್ಮ ಚಿಂದೋಡಿ ಲೀಲಾ ಅವರ ಮನೆತನದ ಸಿನಿಮಾ ಅದು. ಬಂಗಾರೇಶ್ ನಿರ್ದೇಶನ, ಹಂಸಲೇಖ ಸಂಗೀತ. 1995ರ ರಾಷ್ಟ್ರಪ್ರಶಸ್ತಿ ಎರಡು ಬಂದ್ವು, ಸಂಗೀತಕ್ಕೊಂದು, ಎಸ್ಪಿಬಿ ಹಾಡಿಗೊಂದು. ದಾವಣಗೆರೆಯ ನಾಟಕ ಕಂಪನಿಯೋರು ಏನು ಮಾಡಬಲ್ಲರು ಅಂತ ದಿಲ್ಲಿಗೆ ಗೊತ್ತಾಗಿದ್ದು ಆವಾಗ.

ಹುಡುಗಿ: ಎಸ್ಪಿಬಿಗೆ ಪ್ರಶಸ್ತಿ ತಂದ ಆ ಹಾಡು ಯಾವ ಭಾಷೆದು?

ಮೇಷ್ಟ್ರು: ಅದು... ಹಿಂದೂಸ್ತಾನಿ ಬಂದಿಶ್.

ಹುಡುಗಿ: ಕನ್ನಡ ಅಲ್ಲ. ಆದ್ರೂ ನೀವು ಕಣ್ಣು ಮುಚ್ಚಿ ತಲೆದೂಗಿದ್ರಿ. ದೂರದ ಭಾಷೆಗೆ ಕೊಟ್ಟ ಆ ಗೌರವಾನ ಪಕ್ಕದ ತಾಂಡಾದ ಭಾಷೆಗೂ ಕೊಡಿ.

ಮೇಷ್ಟ್ರು ತೊಡೆ ತಟ್ಟಿಕೊಂಡರು, ಸೋತ ಸಂತೋಷದಲ್ಲಿ. ಇಂಥ ಪೆಟ್ಟು ತಿನ್ನಲು ಅವರಿಗೆ ಇಷ್ಟ. ನಾಟಕದವರ ಗುಣವದು, ಎದುರು ಪಾತ್ರದ ಮಾತು ಚೆನ್ನಾಗಿ ಬಂದರೆ ತಾವು ಸತ್ತು ಬಿದ್ದಿದ್ದರೂ ಚಪ್ಪಾಳೆ ತಟ್ಟುತ್ತಾರೆ.

ಮೇಷ್ಟ್ರು: ಆಯ್ತು, ಲಂಬಾಣಿ ಇರ್ಲಿ. ನಾನೇ ಮೈಕಲ್ಲಿ ಅರ್ಥ ಹೇಳ್ತೀನಿ. ಆದ್ರೆ ಜಾತ್ರೆಗೆ ಬರ್ರಿ.

ಹುಡುಗಿ: ಜಾತ್ರೆಗೆ ನಾವು ಬರ್ತೀವಿ ಅನ್ನಿ, ನಮ್ಮ ಜೊತೆ ಬರೋ ಎಲ್ಲರಿಗೂ ಒಂದೇ ಥರ ಜಾಗ ಸಿಗುತ್ತಾ? ತಾಂಡಾದಿಂದ ಅಜ್ಜಿ ಬಂದ್ರೆ ಮುಂದಿನ ಸಾಲಲ್ಲಿ ಕೂರಿಸ್ತೀರಾ? ಹೆಣ್ಣುಮಗಳು ಬರೆದ ಚಿತ್ರ ಅಂತ ಕಣದಲ್ಲಿ ಯಾರೂ ಏನೂ ಅನ್ನಲ್ವಾ? ಹೊನ್ನಾಳಿಯವನ ಸಿನಿಮಾ ಇರೋದು ಹೊಳೆ ಮರಳಿನ ಬಗ್ಗೆ. ಅದನ್ನ ನೋಡಿ ಯಾರಿಗಾದ್ರೂ ಚುರುಕ್ ಅಂದ್ರೆ, ಜನರೇಟರ್ ಆಫ್ ಆಗಲ್ವಾ?

ಮೇಷ್ಟ್ರು: ಅಜ್ಜಿಗೆ ಜಾಗ ನಾನು ಕೊಡ್ತೀನಿ. ಚಿತ್ರಕ್ಕೆ ನಾನು ಕಾವಲು ನಿಲ್ತೀನಿ. ಜನರೇಟರ್ ಮಾತು... ಅದಕ್ಕೆ ಗ್ಯಾರಂಟಿ ಕೊಡಾಕಾಗಲ್ಲ.

ಹುಡುಗಿ: ಶುಕ್ರವಾರ ಎಂಟು ಗಂಟೆಗೆ ಯಾರೂ ಆಫ್ ಮಾಡೋಕಾಗಲ್ಲ.

ಮೇಷ್ಟ್ರು: ಯಾರೂ ಮುಂದೆ ಕೂತು ಅಳೋಕೂ ಆಗಲ್ಲ. ಯಾರಾದ್ರೂ ಅಳೋದನ್ನ ಕಣ್ಣಿಂದ ನೋಡಿದೀಯಾ ನೀನು, ನಿನ್ನ ಕೆಲಸಕ್ಕೆ? ನಾನು ನೋಡಿದೀನಿ. ಅದೊಂದೇ ನೆಚ್ಕೊಂಡು ನಲವತ್ತು ವರ್ಷ ಈ ಪೆಟ್ಟಿಗೆ ಹೊತ್ತಿದೀನಿ.

ಹುಡುಗಿ ಏನೂ ಹೇಳದೆ ಮೊಬೈಲು ತೆಗೆದು ಎರಡನೇ ಹಾಡು ಹಚ್ಚಿದಳು, ಮೆಲ್ಲಗೆ, ಮೇಷ್ಟ್ರಿಗೆ ಕೊನೆಯ ಸಲ ತಾಳ ಸರಿಯಿದೆಯಾ ಎಂದು ಕೇಳಿಸಲು. ಅಜ್ಜಿಯ ದನಿ ಕಲ್ಲಿಗೆ ಬಡಿದು ನೀರಿನ ಮೇಲೆ ಹರಿಯಿತು. ಮೂರು ಮೆಟ್ಟಿಲು ಕೆಳಗೆ ಇಬ್ಬರು ಹೆಂಗಸರು ಕೂತಿದ್ದರು. ಬುಟ್ಟಿ ಪಕ್ಕಕ್ಕಿತ್ತು, ಬಸ್ಸಿಗೆ ಇನ್ನೂ ಹೊತ್ತಿತ್ತೇನೋ. ಅವರಲ್ಲಿ ವಯಸ್ಸಾದಾಕೆ ತಿರುಗಿ ನೋಡಿದಳು. ಗಿಟಾರು ಬಂದಾಗ ಹುಬ್ಬು ಗಂಟಿಕ್ಕಿದಳು. ಹಾರ್ಮೋನಿಯಂ ಬಂದಾಗ ಗಂಟು ಸಡಿಲವಾಯಿತು. ಹಾಡು ಮುಗಿಯುವವರೆಗೆ ಮೂವರೂ ಅವಳ ಮುಖವನ್ನೇ ನೋಡುತ್ತಿದ್ದೆವು, ಅವಳಿಗೆ ಅದು ಗೊತ್ತಿರಲಿಲ್ಲ.

“ಯಾರ ಹಾಡವ್ವ ಇದು?” ಎಂದಳು.

“ನನ್ನ ಗೆಳೆಯಂದು” ಎಂದಳು ಹುಡುಗಿ. ಅದೇ ಉಸಿರಿಗೆ ಮೇಷ್ಟ್ರು “ಅವರಜ್ಜಿದು” ಎಂದರು.

ಆಕೆ ಇಬ್ಬರನ್ನೂ ನೋಡಿದಳು. ಬುಟ್ಟಿಯನ್ನು ಎತ್ತಿ ಒಂದು ಮೆಟ್ಟಿಲು ಮೇಲಕ್ಕೆ, ನಮ್ಮ ಹತ್ತಿರಕ್ಕೆ ಸರಿದು ಕೂತಳು.

“ಇನ್ನೊಂದ್ಸಲ ಹಾಕು, ಆ ಮುದುಕಿ ಹಾಡಿದ್ದು ಸರಿಯಾಗಿ ಕೇಳಲಿಲ್ಲ” ಎಂದಳು.